ಉದ್ರಿ ಖಾತೆಯಲ್ಲಿ ಒಂದು ಕೆಂಪು

ಅಂಗಡಿಯ ಶಟರ್ ಎತ್ತುವ ಮೊದಲೇ
ದೊನೆ ಅಜ್ಜಿ ಬಂದು ನಿಂತಿದ್ದಳು, ಚಪ್ಪಲಿ ಅದಲುಬದಲು.
ಇಸ್ತಾನ್‌ಬುಲ್ಲಿನ ಗುಡ್ಡದ ಬೆನ್ನಿಗೆ ನೇತುಬಿದ್ದ ಈ ಬೀದಿಯಲ್ಲಿ
ಹನ್ನೊಂದು ಬಾಗಿಲಿಗೆ ರಾತ್ರಿ ಯಾರೋ
ಗುಣಿಸುವ ಗುರುತು ಬಳಿದಿದ್ದಾರೆ.
ಹನ್ನೊಂದೂ ಅಲೆವಿಗಳ ಮನೆ.
ನಡುವಿನ ಮನೆಗಳನ್ನು, ಬೇಳೆಯಲ್ಲಿ ಕಲ್ಲು ಆರಿಸಿದ ಹಾಗೆ,
ಜಾಗ್ರತೆಯಿಂದ ಬಿಟ್ಟಿದ್ದಾರೆ.
ಏಳನೆಯದು ನನ್ನದು.

ಮೂವತ್ತು ವರ್ಷ ಬಣ್ಣ ಮಾರಿದ ಕಣ್ಣು
ಅವಮಾನಕ್ಕಿಂತ ಮೊದಲು ನಂಬರು ಓದುತ್ತದೆ:
ನೂರಾ ನಾಲ್ಕು, ದಾಳಿಂಬೆ ಕೆಂಪು, ಕಾಲು ಲೀಟರಿನ ಡಬ್ಬಿ.
ನನ್ನದೇ ಸರಕು.

ಮಧ್ಯಾಹ್ನಕ್ಕೆ ಕೆಳಗಿನ ಚೌಕದಲ್ಲಿ ಟೈರು ಹೊತ್ತಿತು.
ನಮ್ಮ ಹುಡುಗರು ಬಾಯಿಗೆ ಒದ್ದೆ ಬಟ್ಟೆ ಕಟ್ಟಿ ಓಡಿದರು,
ಪೊಲೀಸರ ನೀರಿನ ಲಾರಿ ಏದುಸಿರು ಬಿಡುತ್ತ ಏರು ಹತ್ತಿತು.
ಹೊಗೆಗೆ ಯಾವ ಪಂಥದ ಗೊಡವೆ?
ಮಸೀದಿಯಿಂದ ಹೊರಟ ಮುದುಕನೂ ಕೆಮ್ಮುತ್ತ ಒಳಬಂದು
ನಾನು ಕೊಟ್ಟ ನಿಂಬೆ ಮೂಸಿದ,
ಯಾರ ಕೈಯದೆಂದು ಕೇಳದೆ.

ಎಲ್ಲರೂ ಬಿಳಿ ಕೊಂಡರು. ದೊನೆ ಅಜ್ಜಿ ಬೇಡವೆಂದಳು.
"ಒಂಬತ್ತು ವರ್ಷ ನನಗಾಗ, ಇನ್ನೊಂದು ಊರು.
ಅಪ್ಪ ಬಾಗಿಲು ಉಜ್ಜಿದ, ಉಜ್ಜಿದ, ಮರವೇ ಸವೆಯಿತು.
ಬಂದವರಿಗೆ
ಉಜ್ಜಿದ ಜಾಗವೇ ಗುರುತಾಯಿತು."

ಸಂಜೆ, ಅರ್ಧ ಇಳಿದ ಶಟರ್ ಕೆಳಗೆ ತಲೆ ಬಗ್ಗಿಸಿ
ಬೆಕಿರ್ ಬಂದ, ಎದುರುಮನೆಯ ಹುಡುಗ, ಹದಿನಾರು ತುಂಬಿಲ್ಲ.
"ಥಿನ್ನರ್ ಇದೆಯಾ, ಹಿದಿರ್ ಮಾಮ?"
ಕೈ ಜೇಬಿನಲ್ಲೇ ಇತ್ತು.

ನನ್ನ ಹೆಂಡತಿ ತೀರಿದ ವಾರ
ಇವನ ತಾಯಿ ಏಳು ದಿನ ಸಾರು ತಂದಳು.
ಪಾತ್ರೆ ಬರಿದಾಗಿ ಮರಳಿಸಬಾರದೆಂದು
ಮೊಹರಂ ಕಳೆದಾಗ ಆಶುರೆ ಪಾಯಸ ತುಂಬಿ ಕೊಟ್ಟೆ.
ನಕ್ಕು ತೆಗೆದುಕೊಂಡಳು.
ತಿಂದಳೋ ಚೆಲ್ಲಿದಳೋ,
ಇವತ್ತಿನವರೆಗೆ ಯೋಚಿಸಿರಲಿಲ್ಲ.

ಕೈ, ನಡು, ನಾಲಗೆ, ಮೂರನ್ನೂ ಕಾಯ್ದುಕೋ
ಎನ್ನುತ್ತಿದ್ದರು ನಮ್ಮ ದೆದೆ.
ನಾಲಗೆ ಕಾಯ್ದುಕೊಂಡೆ.
ಅವನ ಕೈ ಎಳೆದೆ. ಉಗುರಿನ ಸಂದಿಯಲ್ಲಿ ನೂರಾ ನಾಲ್ಕು.
ಚಿಂದಿಗೆ ಥಿನ್ನರ್ ಹಾಕಿ ಒಂದೊಂದೇ ಬೆರಳು ಒರೆಸಿದೆ,
ಕೂಸಿಗೆ ಒರೆಸಿದಂತಲ್ಲ, ಸ್ವಲ್ಪ ಗಟ್ಟಿಯಾಗಿಯೇ.
ಉರಿ ಎನ್ನಲಿಲ್ಲ ಅವನು. ಗೋಡೆಯ ಮೇಲಿನ
ಬಣ್ಣದ ಪಟ್ಟಿ ನೋಡುತ್ತ ನಿಂತಿದ್ದ.

ಹೋದ ಮೇಲೆ ಪುಸ್ತಕ ತೆಗೆದೆ. ನನ್ನದೇ ಅಕ್ಷರ:
ಬೆಕಿರ್, ಕೆಂಪು, ಚಿಕ್ಕದು, ಒಂದು. ಉದ್ರಿ.
ಕೆಳಗೆ ಸೇರಿಸಿದೆ: ಥಿನ್ನರ್, ಅರ್ಧ ಬಾಟಲಿ.
ಹೊಡೆದು ಹಾಕೋಣವೆಂದು ಪೆನ್ನು ಎತ್ತಿದವನು
ಹಾಗೇ ಇಳಿಸಿದೆ.
ಹೊಡೆದು ಹಾಕುವುದೂ ಅದೇ ಎರಡು ಗೀಟು.

ಏಳನೆಯ ಬಾಗಿಲು ಹಾಗೇ ಇದೆ.
ಬಿಳಿ ಡಬ್ಬಿ ಒಂದೂ ಉಳಿದಿಲ್ಲ.