ಕಾವಲಿ ದೋಷ

ಸಿಲಾಯ್ ಪೇಟೆಯ ಬೇಕರಿಯ ಹಿಂದೆ, ತಗಡಿನ ಮಾಡಿನಡಿ
ಬೆಳಗಿನ ಜಾವ ಮೂರಕ್ಕೇ ಕಾವಲಿ ಕಾಯುತ್ತದೆ.
ಅಮ್ಮ ಕಾಂದೆಲಾರಿಯಾ; ಅಲ್ಲಿನವರಿಗೆಲ್ಲ ಬರೀ ಲಾರಿಂಗ್.
ಕಣಕದ ಉಂಡೆ, ಹೆಬ್ಬೆರಳಿನದೊಂದು ಗುಳಿ,
ಗುಳಿಯೊಳಗೆ ಒದ್ದೆಮಣ್ಣಿನ ಬಣ್ಣದ ಕಪ್ಪು ಸಕ್ಕರೆ,
ಬಾಯಿ ಮುಚ್ಚಿ, ಎಳ್ಳಿಗೆ ಒತ್ತಿ,
ಲಟ್ಟಣಿಗೆ ಎರಡೇ ಸಲ.
ಮೂರನೆಯದು ಆಸೆ, ಅನ್ನುತ್ತಿದ್ದಳು.
ಮೂರನೆಯದಕ್ಕೆ ಪಿಯಾಯಾ ಒಡೆಯುತ್ತದೆ.

ಒಡೆದದ್ದು ಮಾರಾಟಕ್ಕಿಲ್ಲ.
ಪೊಟ್ಟಣಕ್ಕೆ ಹತ್ತು, ಹತ್ತೂ ದುಂಡಗೆ,
ಬಕೋಲೊಡ್ ಬಂದರಿನಲ್ಲಿ ಹಡಗು ಹತ್ತುವವರ ಕಂಕುಳಲ್ಲಿ
ಇಲೊಯಿಲೊಗೆ, ಮನಿಲಾಕ್ಕೆ, ಯಾರದೋ ಅತ್ತೆಯ ಮನೆಗೆ.
ಒಡೆದವು ನಮಗೆ.

ಅಪ್ಪ ಕಡಲಾಚೆಯ ಆಂತೀಕೆಯಿಂದ ಕಬ್ಬು ಕಡಿಯಲು ಬಂದವನು.
ಟನ್ನಿಗೆ ಇಷ್ಟು ಎಂದು ಕೂಲಿ; ಆ ಇಷ್ಟರಲ್ಲಿ
ಗುತ್ತಿಗೆದಾರನ ಅಕ್ಕಿ, ಒಣಮೀನು, ಮುಂಗಡ ಕಳೆದರೆ
ಉಳಿಯುತ್ತಿದ್ದುದು ಕಾಲರಿಗೆ ಹತ್ತಿದ ಮಸಿ.
ಅವನು ಸಿಹಿ ಮುಟ್ಟುತ್ತಿರಲಿಲ್ಲ.
'ಹಗಲೆಲ್ಲ ಅದರ ಜೊತೆ ಜಗಳ ಆಡಿದ್ದೇನೆ,
ರಾತ್ರಿ ಊಟಕ್ಕೂ ಕರೆಯಬೇಕೇನು?'

ಗಿರಣಿಯ ಹೊಗೆ ನಿಂತ ಮೇಲಿನ ತಿಂಗಳುಗಳಿಗೆ
ನಮ್ಮಲ್ಲಿ ಹೆಸರೇ ಸತ್ತ ಕಾಲ.
ಕಬ್ಬು ಇನ್ನೂ ಮೊಣಕಾಲೆತ್ತರ, ಅಂಗಡಿಯ ಸಾಲ ಎದೆಮಟ್ಟ.
ಅಪ್ಪ ಏಡಿ ಹಿಡಿಯಲು ಹೋಗಿ ಬರಿಗೈಲಿ ಬಂದ ದಿನ
ಅಮ್ಮನ ಕಾವಲಿಯಲ್ಲಿ ಯಾಕೋ ಹೆಚ್ಚು ಒಡೆಯುತ್ತಿದ್ದವು.
ಐದು ಮಕ್ಕಳು, ಐದು ಒಡಕು.
ಕೈ ಸೋತಿರಬೇಕು ಎಂದುಕೊಂಡಿದ್ದೆ.
ಲೆಕ್ಕ ಬರೆಯುವ ಸೆನ್ಯೋರಾ ಎಪಿಫಾನಿಯಾ ಕನ್ನಡಕ ಏರಿಸಿ,
'ಏನು ಲಾರಿಂಗ್, ಕೈ ನಡುಗುತ್ತದೋ?'
'ವಯಸ್ಸಾಯಿತು, ಸೆನ್ಯೋರಾ.'
ಅಮ್ಮನಿಗೆ ಆಗ ಮೂವತ್ತನಾಲ್ಕು.

ಈಗ ಲೆಕ್ಕ ಬರೆಯುವವಳು ನಾನು.
ಕನ್ನಡಕ ಬೇರೆ, ಮೂಗು ಬೇರೆ, ಪುಸ್ತಕ ಮಾತ್ರ
ಅದೇ ನೀಲಿ ಗೆರೆಯದು.
ಪ್ರವಾಸಿಗರಿಗೆಂದು ನೇರಳೆ ಗೆಣಸಿನ ಹೂರಣವೂ ಬಂದಿದೆ,
ನನಗದು ಸೇರದು, ಆ ಮಾತು ಬಿಡಿ.
ಮೂರನೆಯ ಕಾವಲಿಗೆ ಹೊಸ ಹುಡುಗಿ, ರೊಸ್ವಿಂದಾ.
ತಪ್ಪದ ಕೈ; ಎರಡೇ ಸಲ, ಎರಡೇ ಸಲ.
ಸಂಜೆ ನಾಲ್ಕರ ಮೇಲೆ ಮಾತ್ರ
ಅವಳ ಕಿರುಬೆರಳು ಅಂಚಿಗೆ ಹೋಗುತ್ತದೆ.
ಒತ್ತುತ್ತದೆ.
ಕಪ್ಪು ಪಾಕ ಸಣ್ಣಗೆ ಹೊರಗಿಣುಕಿ
ಕಬ್ಬಿಣಕ್ಕೆ ತಾಗಿ ಚುರ್ರೆನ್ನುತ್ತದೆ.
ಕೋಣೆಯ ತುಂಬ ಸೀದ ಸಕ್ಕರೆಯ ವಾಸನೆ.
ಒಬ್ಬರೂ ತಲೆ ಎತ್ತುವುದಿಲ್ಲ.

ಮಕ್ಕಳು ಮೂರೋ, ನಾಲ್ಕೋ? ಕೇಳಿಲ್ಲ.
ಪುಸ್ತಕದಲ್ಲಿ 'ಕಾವಲಿ ದೋಷ' ಎಂದು ಬರೆದೆ.
ನಂಬಲೆಂದು ಮಾಲೀಕರಿಗೊಂದು ಚೀಟಿಯನ್ನೂ ಕಳಿಸಿದೆ.
ನಿನ್ನೆ ಅವರು ಹೊಸ ಕಾವಲಿಯನ್ನೇ ತಂದು ಕೂರಿಸಿದರು.
ಅದರಲ್ಲೂ ಸಂಜೆಗೆ
ನಾಲ್ಕು ಒಡೆದವು.