ಮತ್ತು ಇತರರು

ಪಟ್ಟಿಯಲ್ಲಿ ಅವನ ಹೆಸರಿಲ್ಲ.
ನಾಯಕ, ನಾಯಕಿ, ನಾಯಕಿಯ ಅಪ್ಪ,
ಕುದುರೆ ಕೊಟ್ಟವರಿಗೂ ಕೃತಜ್ಞತೆ;
ಕೊನೆಗೆ, ಓದಿ ಮುಗಿಸುವ ಮೊದಲೇ ಮೇಲೇರಿಹೋಗುವ
ಎರಡು ಪದ: ಮತ್ತು ಇತರರು.
ಅಲ್ಲಿದ್ದಾನೆ ನನ್ನವನು.
ಅಲ್ಲಿಗೇ ನಾನು ಶಿಳ್ಳೆ ಹಾಕುವುದು.

ಬೈತಖೋಲದ ಧಕ್ಕೆಯಲ್ಲಿ ಬೋಟಿನ ಇಂಜಿನ್ ಬಿಚ್ಚುವವನು ನಾನು.
ಜೂನ್ ಬಂತೆಂದರೆ ಬೋಟೆಲ್ಲ ದಡದ ಮೇಲೆ,
ಬಲೆಗೆ ತೇಪೆ, ಕೈಗೆ ಬಿಡುವು, ಕಿಸೆ ಖಾಲಿ.
ಆದರೂ ಮ್ಯಾಟಿನಿಗೆ ಕಾಸು ಎಲ್ಲಿಂದಲೋ ಹುಟ್ಟುತ್ತಿತ್ತು.
ಉಳಿದವರು ಪೋಸ್ಟರಿನ ಮುಖ ನೋಡಿ ಹೋಗುತ್ತಿದ್ದರು.
ಉಲ್ಲಾಸ ತಾಂಡೇಲ ತನ್ನ ಹೀರೋನ ಹುಟ್ಟುಹಬ್ಬಕ್ಕೆ
ಕಟೌಟಿನ ತಲೆಗೆ ಹಾಲು ಸುರಿದ;
ಹಾಲು ಹುಳಿತು ನಾಲ್ಕು ದಿನ ಟಾಕೀಸಿನ ಬಾಗಿಲಲ್ಲಿ
ತಾರಲೆ ವಾಸನೆಯನ್ನೂ ಮೀರಿಸಿತು.
ನನ್ನವನಿಗೆ ಕಟೌಟಿಲ್ಲ.
ಹುಟ್ಟಿದ ದಿನ ಅವನವ್ವನಿಗೆ ಗೊತ್ತಿದ್ದರೆ ಗೊತ್ತು.
ನನಗೆ ಗೊತ್ತಿರುವುದು ಇಷ್ಟು:
ಎಡಹುಬ್ಬಿನ ಮೇಲೊಂದು ಗಾಯದ ಗೆರೆ,
ಓಡುವಾಗ ಬಲಭುಜ ಸ್ವಲ್ಪ ಮುಂದೆ,
ಏಟು ತಿಂದು ಬೀಳುವ ಮುನ್ನ ಒಂದು ಕ್ಷಣ
ಹಿಂದಿರುಗಿ ನೋಡುತ್ತಾನೆ, ಬೀಳಲು ಜಾಗ ಇದೆಯಾ ಅಂತ.
(ಬಲ್ಲವರು ಅದು ತಪ್ಪು ಅನ್ನುತ್ತಾರೆ.
ಬೋಟಿನ ಅಂಚಿನಿಂದ ಹಾರಿ ಗೊತ್ತಿದ್ದವನು ನಾನು, ಅದೇ ಸರಿ.)

ಎಷ್ಟು ಸಲ ಸತ್ತಿದ್ದಾನೆ ನನ್ನವನು!
ಕಿಟಕಿಯ ಗಾಜು ಒಡೆದುಕೊಂಡು,
ಹುಲ್ಲುಬಣವೆಯೊಳಗೆ ತಲೆಕೆಳಗಾಗಿ,
ಟೊಮೆಟೊ ಗಾಡಿಯ ಮೇಲೆ,
ಒಮ್ಮೆ ಬರೀ ಹೀರೋನ ಗಾಳಿ ಸೋಕಿ.
ಅವನು ಸತ್ತೊಡನೆ ನಾನು ಎದ್ದು ಹೊರಡುತ್ತಿದ್ದೆ.
ಮುಂದಿನ ಮದುವೆ, ಅಮ್ಮ ಮಗ ಒಂದಾಗುವುದು, ನನಗೇಕೆ?
ಗೇಟಿನಲ್ಲಿ ಬಾಂದೇಕರ ಬೀಡಿ ಹಚ್ಚುತ್ತ ಕೇಳುವನು,
"ಮೆಲೊ ರೇ ತುಜೊ?"
ಸತ್ತ ಮಾರಾಯ. ಇವತ್ತು ಇಂಟರ್‌ವಲ್‌ವರೆಗೂ ಬದುಕಲಿಲ್ಲ.
ಅರ್ಧ ಬೀಡಿ ನನ್ನ ಕಡೆ ಚಾಚುವನು,
ಸಾವಿನ ಮನೆಯವರಿಗೆ ಕೊಟ್ಟಂತೆ.

ಒಂದೇ ಒಂದು ಪಿಕ್ಚರಿನಲ್ಲಿ ಅವನು ಸಾಯಲಿಲ್ಲ.
ಖಾಕಿ ಅಂಗಿ, ಕಂಕುಳಲ್ಲಿ ಚರ್ಮದ ಚೀಲ,
ನಾಯಕಿಗೆ ಚಿಲ್ಲರೆ ಎಣಿಸಿ ಕೊಟ್ಟು ಅಂದ:
"ಮುಂದೆ ಹೋಗಿ ತಾಯಿ, ಮುಂದೆ ಜಾಗ ಇದೆ."
ಅವನಿಗೊಂದು ದನಿ ಇದೆಯೆಂದು ಆವತ್ತೇ ಗೊತ್ತಾದದ್ದು.
ತೆಳು ದನಿ, ಶೀತ ಹಿಡಿದ ಹಾಗೆ;
ನಮ್ಮ ಕೋಡಿಬಾಗ ಬಸ್ಸಿನಲ್ಲಿ ದಿನಾ ಕೇಳುವಂಥದ್ದು.
ಐದು ಸಲ ನೋಡಿದೆ. ಐದು ಸಲವೂ
ಅವಳು ಮುಂದೆ ಹೋದಳು,
ಕ್ಯಾಮೆರಾವೂ ಅವಳ ಹಿಂದೆಯೇ ಹೋಯಿತು.
ಅವನು ಸೀಟಿ ಊದಿದ್ದು ಮಾತ್ರ ಕೇಳಿಸಿತು.

ಮದುವೆಯಾದ ಹೊಸತರಲ್ಲಿ ಶೇವಂತಿಗೆ ಇದೆಲ್ಲ ಹೇಳಿದೆ.
ನಕ್ಕಳು, ಆಮೇಲೆ ಸುಮ್ಮನಾದಳು, ಆಮೇಲೆ ಅಂದಳು:
ಹೊಡೆಸಿಕೊಳ್ಳುವವನನ್ನು ಇಷ್ಟಪಡುವವರು
ಹೊಡೆಯಲಿಕ್ಕಿಲ್ಲ, ಬಿಡಿ.

ದೇವಬಾಗದಲ್ಲಿ ಒಮ್ಮೆ ಶೂಟಿಂಗ್ ಬಂತು.
ಕಾಳಿ ದಾಟಿ ಹೋದೆ, ಡಬ್ಬಿಯಲ್ಲಿ ಹುರಿದ ಇಸವಾಣ.
ಲೈಟು ಹೊರುವ ಹುಡುಗನಿಗೆ ಹೆಸರಿಲ್ಲದೆ ಹೇಗೆ ಕೇಳುವುದು?
ಹುಬ್ಬು ಮುಟ್ಟಿ ತೋರಿಸಿದೆ, ಭುಜ ಓರೆ ಮಾಡಿ ಮರಳಲ್ಲಿ ಓಡಿದೆ,
ಹಿಂದಿರುಗಿ ನೋಡಿ ಬಿದ್ದೂ ತೋರಿಸಿದೆ.
"ಅಂಥವರು ಬೇಕಾದಷ್ಟು ಜನ ಇದ್ದಾರೆ ಅಣ್ಣ," ಅಂದ.
ಪಾಪ, ಹಸಿದಿದ್ದ. ಮೀನು ಅವನಿಗೇ ಕೊಟ್ಟು ಬಂದೆ.

ಈಗ ಟಾಕೀಸಿಗೆ ಬೀಗ. ಬಾಂದೇಕರನಿಲ್ಲ.
ಹೊಸ ಪಿಕ್ಚರುಗಳಲ್ಲಿ ನನ್ನವನೂ ಇಲ್ಲ.
ಕೋರ್ಟಿನ ಹಿಂದಿನ ಬೆಂಚು, ಸಂತೆ, ಶವಯಾತ್ರೆ,
ಜನ ಎಲ್ಲಿ ಗುಂಪಾಗುತ್ತಾರೋ ಅಲ್ಲೆಲ್ಲ ಹುಡುಕಿದೆ.
ಇತರರು ಸತ್ತರೆ ಪೇಪರಿನಲ್ಲಿ ಬರುವುದಿಲ್ಲ.
ಹಾಗಾಗಿ ಇದ್ದಾನೆ ಅಂತಲೇ ನನ್ನ ಲೆಕ್ಕ.

ನಿನ್ನೆ ರಾತ್ರಿ ಹಿತ್ತಲಲ್ಲಿ ಪಂಪು ತೊಳೆಯುತ್ತಿದ್ದೆ,
ಮೊಣಕೈವರೆಗೆ ಡೀಸೆಲ್.
ಒಳಗೆ ಟಿವಿಯಲ್ಲಿ ಯಾವುದೋ ಹಳೆಯದು.
ಶೇವಂತಿ ಕೂಗಿದಳು:
"ಬಂದ, ನಿಮ್ಮವ ಬಂದ!
ಕೈ ಆಮೇಲೆ ತೊಳೆಯಿರಿ, ಓಡಿ ಬನ್ನಿ,
ಇನ್ನೂ ಹೊಡೆತ ಬಿದ್ದಿಲ್ಲ."