ಬಾಗಿದ ಬೆರಳು

ಗೆರ್‌ಲಿಂಡೆ ಶೆಂಕೆಲ್‌ಳ ಬಲಗೈ ತೋರುಬೆರಳು
ನೆಟ್ಟಗೆ ನಿಲ್ಲುತ್ತಿರಲಿಲ್ಲ.
ಹದಿನಾರರಲ್ಲಿ, ಪಿರ್ಮಾಸೆನ್ಸಿನ ಬೂಟಿನ ಕಾರ್ಖಾನೆಯಲ್ಲಿ,
ಹೊಲಿಗೆಯಂತ್ರದ ಸೂಜಿ ಉಗುರು ತೂರಿ ಆಚೆ ಬಂದದ್ದನ್ನು
ಪಕ್ಕದ ಮೇಜಿನಿಂದ ನಾನೇ ನೋಡಿದ್ದೆ.
ಅವಳು ಕೂಗಲಿಲ್ಲ. ಚಕ್ರವನ್ನು ಎಡಗೈಯಿಂದ ಹಿಂದಕ್ಕೆ ತಿರುಗಿಸಿ
ಸೂಜಿ ಮೇಲೆತ್ತಿ, ಮೊದಲು
ತೊಗಲಿಗೆ ರಕ್ತ ತಾಗಿದೆಯೇ ಎಂದು ನೋಡಿದಳು.
ಕಲೆಯಾದರೆ ಆ ಜೋಡಿಯ ದುಡ್ಡು
ನಮ್ಮ ಸಂಬಳದ ಲಕೋಟೆಯಿಂದ ಕಡಿತ.

ಊರು ಏಳು ಗುಡ್ಡಗಳ ಮೇಲೆ.
ಊರಿಗೆ ಊರೇ ಅಂಟಿನ ವಾಸನೆ:
ರೊಟ್ಟಿಗೂ ಅದೇ, ಇಗರ್ಜಿಯ ಮೇಣದಬತ್ತಿಗೂ ಅದೇ,
ಮದುವೆಯ ರಾತ್ರಿ ಗಂಡನ ಕೂದಲಿಗೂ ಅದೇ.
ಅಂಟಿನ ಕೋಣೆಯ ಲೇನೆಗೆ ಮೊದಲು ಕಾಲು ಜೋಮು ಹಿಡಿಯಿತು,
ಆಮೇಲೆ ಚಮಚ ಕೈಯಿಂದ ಜಾರತೊಡಗಿತು.
'ನರದೌರ್ಬಲ್ಯ, ಹೆಂಗಸರಿಗೆ ಮಾಮೂಲು' ಎಂದರು ಡಾಕ್ಟರು.
ಗೆರ್‌ಲಿಂಡೆ ಅಂಟಿನ ಡಬ್ಬವನ್ನೇ ಕಂಕುಳಲ್ಲಿ ಇರುಕಿಕೊಂಡು
ಮಾಲೀಕರ ಕೋಣೆಗೆ ಹೋದಳು.
ಮುಚ್ಚಳ ತೆಗೆದಳು. ಕಿಟಕಿ ಮುಚ್ಚಿದಳು.
ಕುರ್ಚಿ ಎಳೆದು ಕೂತು
'ಮಾತಾಡೋಣ' ಅಂದಳು, 'ನನಗೇನೂ ಅವಸರವಿಲ್ಲ.'

ಆ ವಾರ ಗೋಡೆಗೆ ಫ್ಯಾನು ಬಂತು.
ಆ ವರ್ಷ ಅವಳು ಸಂಘದ ಪ್ರತಿನಿಧಿ.
ಬಾಗಿದ ಬೆರಳು ಮೇಲೆದ್ದರೆ ನಲವತ್ತು ಯಂತ್ರ ಗಪ್‌ಚಿಪ್;
ಆ ಮೌನಕ್ಕೆ ನಾವೇ ಹೆದರಿ
ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದೆವು.

ಪಕ್ಷದವರು ಹೂಗುಚ್ಛ ಹಿಡಿದು ಮನೆಗೆ ಬಂದರು.
ಅವಳು ಮೈನ್ಜಿಗೆ ಹೋದಳು, ಪ್ರಾಂತ್ಯದ ಶಾಸನಸಭೆಗೆ,
ಕಿಟಕಿಯಾಚೆ ರೈನ್ ನದಿ.
ಮೊದಲ ದಿನ ಯಾರ ಮುಖವನ್ನೂ ನೋಡಲಿಲ್ಲವಂತೆ,
ಮೇಜುಗಳ ಕೆಳಗೆ ನೋಡಿದಳಂತೆ:
ಯಾವುದು ಹೊಲಿದದ್ದು, ಯಾವುದು ಅಂಟಿಸಿದ್ದು,
ಯಾರ ಹಿಮ್ಮಡಿ ಒಂದೇ ಬದಿಗೆ ಸವೆದಿದೆ.
'ದ್ರಾಕ್ಷಿತೋಟದ ಸಾಹುಕಾರನ ಬೂಟಿನಲ್ಲಿ ನನ್ನದೇ ಹೊಲಿಗೆ ಕಣೇ'
ಎಂದು ಫೋನಿನಲ್ಲಿ ನಕ್ಕಳು. 'ಸ್ವಲ್ಪ ಓರೆ.'

ಮತ ಎಣಿಸುವವನು ಒಮ್ಮೆ ಕೇಳಿದನಂತೆ,
'ಶ್ರೀಮತಿ ಶೆಂಕೆಲ್, ಕೈ ಎತ್ತಿದ್ದೀರೋ, ಇಲ್ಲವೋ?'

ನಮ್ಮ ಯಂತ್ರಗಳು ಪೋರ್ಚುಗಲ್ಲಿನ ಲಾರಿ ಹತ್ತಿದ ವರ್ಷ
ನಾನೂ ಅದನ್ನೇ ಕೇಳಿದೆ.
ಅವಳು ತಂದದ್ದು ಆರು ತಿಂಗಳ ಸಂಬಳ, ಟೈಪಿಂಗ್ ತರಬೇತಿ,
ಕೆಳಗೆ ಅವಳ ಸಹಿ.
ಐವತ್ತೆರಡರ ನನಗೆ ಟೈಪಿಂಗ್!
ಗೇಟಿನ ಮುಂದೆ ಪೆಟ್ಟಿಗೆಯ ಮೇಲೆ ನಿಂತು ಅವಳು ಮಾತಾಡುವಾಗ
ಲೇನೆಯ ಮಗ ಹಳೆಯ ಬೂಟೊಂದನ್ನು ಬೀಸಿ ಎಸೆದ.
ಭುಜಕ್ಕೆ ಬಡಿಯಿತು.
ಅವಳು ಇಳಿದು, ಬಗ್ಗಿ ಎತ್ತಿಕೊಂಡು, ಅಟ್ಟೆ ತಿರುಗಿಸಿ ನೋಡಿ
'ಇದರ ಜೋಡಿ ಎಲ್ಲಿ?' ಅಂದಳು.
ಯಾರೂ ನಗಲಿಲ್ಲ. ನಾನೂ.

ಮುಂದಿನ ಚುನಾವಣೆಯಲ್ಲಿ ನನ್ನ ಮತ ಅವಳಿಗೆ ಬೀಳಲಿಲ್ಲ.
ಆದರೂ ಗೆದ್ದಳು. ಅದರ ಮುಂದಿನದರಲ್ಲಿ ಸೋತಳು.
ನಾನು ಹೇಳಿಲ್ಲ, ಅವಳು ಕೇಳಿಲ್ಲ.

ಈಗ ಕಾರ್ಖಾನೆಯ ಮೂರನೇ ಮಹಡಿಯಲ್ಲಿ ನೃತ್ಯಶಾಲೆ.
ನಮ್ಮ ಮೇಜುಗಳಿದ್ದ ಕಡೆ ಮಕ್ಕಳು ಬರಿಗಾಲಲ್ಲಿ ಕುಣಿಯುತ್ತವೆ.
ಗುರುವಾರ ಗುರುವಾರ ಅವಳು ಬರುತ್ತಾಳೆ,
ಪ್ಲಮ್ ಕೇಕಿನ ಪೊಟ್ಟಣ ಹಿಡಿದು, ಮೆಟ್ಟಿಲಲ್ಲಿ ಏದುಸಿರು ಬಿಡುತ್ತಾ.
ಬಾಗಿಲು ತಟ್ಟುವುದಕ್ಕೆ ಆ ಬೆರಳನ್ನು
ಬಗ್ಗಿಸುವ ಕೆಲಸವಿಲ್ಲ, ಅಷ್ಟು ಹದವಾಗಿ ಬಾಗಿದೆ.
ಕೇಳಿಸುತ್ತದೆ, ಕಾಫಿ ಆಗಲೇ ಸಿದ್ಧವಿದೆ.
ಎರಡನೇ ಸಲ ತಟ್ಟುವ ತನಕ
ನಾನು ಏಳುವುದಿಲ್ಲ.